ಭಾವನ ಪಾಸ್‌ವರ್ಡ್

ಲ್ಯಾಪ್‌ಟಾಪ್ ಟೇಪಕ್ಕನದು, ಅದರ ಪಾಸ್‌ವರ್ಡ್ ಭಾವನದು. ಇಂಥ ಏರ್ಪಾಡಿಗೆ ಒಪ್ಪಿಕೊಂಡ ಹೆಂಗಸನ್ನು ದಡ್ಡಿ ಎನ್ನಬೇಕೋ ಸಾಧು ಎನ್ನಬೇಕೋ ನೀವೇ ಹೇಳಿ. ಅವಳಂತೂ ತನ್ನನ್ನು ದಡ್ಡಿ ಎಂದೇ ಕರೆದುಕೊಳ್ಳುತ್ತಿದ್ದಳು, ಅದೂ ಹಲ್ಲು ಕಡಿಯುತ್ತಾ.

ಅಕ್ಕನ ಗಂಡನ ಹೊಲಿಗೆ ಅಂಗಡಿಯಲ್ಲಿ ಅವಳದು ಕಟಿಂಗ್ ಕೆಲಸ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ, ಹಾಗಾಗಿ ಆ ಹೆಸರು. ನರ್ಸುಗಳು, ಅಡುಗೆಯವರು, ಗೋದಾಮಿನಲ್ಲಿ ಭಾರ ಎತ್ತುವವರು ತೊಡುವ ಕೋಟುಗಳಿಗೆ ಅವಳೇ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬಿಡಿಸುತ್ತಿದ್ದಳು. ಅವಳು ಬಿಡಿಸಿದ ತೋಳಿನ ವಿಶೇಷವೆಂದರೆ, ಕೈ ಎಷ್ಟೇ ಮೇಲೆತ್ತಿದರೂ ಕೋಟು ಸೊಂಟದಿಂದ ಜಗ್ಗುತ್ತಿರಲಿಲ್ಲ. ಆ ತೋಳನ್ನು ಹದಕ್ಕೆ ತರಲು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಕಾಗದದ ಪ್ಯಾಟರ್ನ್‌ಗಳು ಜಾಗ ತಿನ್ನುತ್ತವೆಂದು ಭಾವ ಎಲ್ಲವನ್ನೂ ರದ್ದಿಗೆ ಹಾಕಿಸಿದ ಮೇಲೆ, ಅವಳ ಅಷ್ಟೂ ದುಡಿಮೆ ಉಳಿದಿದ್ದು ಲ್ಯಾಪ್‌ಟಾಪಿನೊಳಗೆ ಮಾತ್ರ.

ಅದನ್ನು ಕೊಂಡಾಗ ಸೆಟ್ ಮಾಡಿಕೊಟ್ಟವನು ಭಾವ. ಮಾಡುವಾಗಲೇ ತನ್ನ ಹೆಸರು ಹಾಕಿ, ಕಪ್ಪು ಕನ್ನಡಕ ತೊಟ್ಟ ತನ್ನದೇ ಫೋಟೋ ಅಂಟಿಸಿಬಿಟ್ಟಿದ್ದ. ದಿನಾ ಬೆಳಿಗ್ಗೆ ಅದನ್ನು ತನ್ನ ಕಡೆ ತಿರುಗಿಸಿಕೊಂಡು, ಎಡಗೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ತೋರಿಸದ ಹುಡುಗನ ಹಾಗೆ ಪಾಸ್‌ವರ್ಡ್ ಒತ್ತುತ್ತಿದ್ದ. ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಪರದೆ ಮತ್ತೆ ಮುಚ್ಚಿಕೊಂಡಿರುತ್ತಿತ್ತು. "ಭಾವ, ಸ್ವಲ್ಪ ತೆಗೆದುಕೊಡಿ" ಎಂದರೆ ಪೇಪರಿನಿಂದ ತಲೆ ಎತ್ತದೆ, "ಕೊಡ್ತೀನಿ, ಈಗ ಕೆಲಸ ಇದೆ" ಎನ್ನುತ್ತಿದ್ದ.

ಈ ಮಾತನ್ನು ಹೆಂಡತಿಗೂ ಧಾರಾಳವಾಗಿ ಹಂಚುತ್ತಿದ್ದ. ಗುಂಡಿ ಹಚ್ಚಿ ಹಚ್ಚಿ ಅಕ್ಕನ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಲೂ ತಂಗಿಯನ್ನು ಕರೆಯಬೇಕು. ಕನ್ನಡಕ ಕೇಳಿದಾಗಲೆಲ್ಲ "ಕೊಡಿಸ್ತೀನಿ, ಈಗ ಕೆಲಸ ಇದೆ."

ಕೊನೆಗೊಂದು ದಿನ ಆಸ್ಪತ್ರೆಯ ಮ್ಯಾನೇಜರ್ ಅಂಗಡಿಗೆ ಬಂದು ಆ ತೋಳನ್ನು ಹೊಗಳಿದರು. ಭಾವ ಟೇಪಕ್ಕನ ಎದುರಿಗೇ, "ಎಲ್ಲಾ ನನ್ನ ಕೈಚಳಕ ಸಾರ್" ಎಂದ. "ನಂದು ಭಾವ ಅದು" ಎಂದಳು ಅವಳು. ಅವನು ನಕ್ಕು, "ಇವಳು ನಾನು ಹೇಳಿದ ಗೆರೆ ಮೇಲೆ ಕತ್ತರಿ ಓಡಿಸ್ತಾಳೆ, ಅಷ್ಟೇ" ಎಂದುಬಿಟ್ಟ. ಅವಳು ಲ್ಯಾಪ್‌ಟಾಪ್ ಮಡಚಿ ಕಂಕುಳಲ್ಲಿಟ್ಟು ಮೆಟ್ಟಿಲಿಳಿದಳು. ಹಿಂದಿನಿಂದ ಭಾವನ ದನಿ ಕೇಳಿಸಿತು. "ತಗೊಂಡು ಹೋಗಮ್ಮ. ಪಾಸ್‌ವರ್ಡ್ ಇಲ್ಲದೆ ಅದು ಬರೀ ಮಣೆ. ಬುದ್ಧಿ ಬಂದಾಗ ವಾಪಸ್ ಬಾ, ತೆಗೆದುಕೊಡ್ತೀನಿ."

ತನ್ನ ಗಿರಾಕಿಗಳ ಅಳತೆಗಳೂ ಅದರೊಳಗೇ ಇವೆ ಎಂಬುದು ಆ ಮಹಾಶಯನಿಗೆ ಆಗ ಹೊಳೆದಿರಲಿಲ್ಲ.

ಟೇಪಕ್ಕ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಳು. ಮೇಜು, ಹೊಲಿಗೆ ಯಂತ್ರ, ಕಿಟಕಿ ಇದ್ದವು. ಪ್ಯಾಟರ್ನ್ ಮಾತ್ರ ಇರಲಿಲ್ಲ. ಅವು ಸಿಗದೆ ಅಂಗಡಿ ತೆರೆಯುವಂತಿಲ್ಲ. ಬೀದಿ ಮೂಲೆಯ ರಿಪೇರಿಯವನ ಹತ್ತಿರ ಹೋದಾಗ ಅವನು ಮುಚ್ಚಳ ಎತ್ತಿ ಭಾವನ ಫೋಟೋ ನೋಡಿ, "ಲಿನಕ್ಸ್ ಹಾಕಿ ನೋಡಿ, ಮಷೀನ್ ನಡೆಸೋ ಬೇರೆ ಸಾಫ್ಟ್‌ವೇರ್ ಅದು" ಎಂದ. "ಪೆನ್‌ಡ್ರೈವ್‌ನಲ್ಲಿ ತುಂಬಿಕೊಡ್ತೀನಿ. ಅದರಿಂದ ಮಷೀನ್ ಎದ್ರೆ ಇವರ ಪಾಸ್‌ವರ್ಡ್ ಕೇಳಲ್ಲ. ಡಿಸ್ಕಿಗೆ ಬೇರೆ ಬೀಗ ಬಿದ್ದಿಲ್ದಿದ್ರೆ ಒಳಗಿನ ಫೈಲ್ ಎಲ್ಲಾ ಕಾಣಿಸ್ತವೆ. ಆದ್ರೆ ಲಿನಕ್ಸ್‌ನಲ್ಲೂ ಥರಾವರಿ ಇವೆ, ಯಾವುದು ಬೇಕು ನೋಡ್ಕೊಂಡು ಬನ್ನಿ."

ಒಂದಿಡೀ ಮಧ್ಯಾಹ್ನ ಅವಳು ಫೋನಿನಲ್ಲಿ ಅದನ್ನೇ ಓದಿದಳು. ಉಬುಂಟು ಎಂದು ಒಬ್ಬ, ಫೆಡೋರಾ ಎಂದು ಇನ್ನೊಬ್ಬ, ಡೆಬಿಯನ್ ಬಿಟ್ಟರೆ ಬೇರೆ ಮುಟ್ಟಬೇಡಿ ಎಂದು ಮತ್ತೊಬ್ಬ. ಆರ್ಚ್ ಎಂಬುದನ್ನು ಹಾಕಿಕೊಂಡವರಂತೂ ಕೇಳದಿದ್ದರೂ ಅದನ್ನೇ ಹೇಳುತ್ತಿದ್ದರು. ಇವರೆಲ್ಲ ಒಬ್ಬರ ಕಾಲು ಒಬ್ಬರು ಎಳೆಯುವುದನ್ನು ನೋಡಿ ಅವಳಿಗೆ ತಲೆ ಚಿಟ್ಟು ಹಿಡಿಯಿತು. ರಿಪೇರಿಯವನಲ್ಲಿಗೆ ವಾಪಸ್ ಬಂದು ಒಂದೇ ಪ್ರಶ್ನೆ ಹಾಕಿದಳು.

"ಯಾವುದರಲ್ಲಿ ಪಾಸ್‌ವರ್ಡ್ ನಾನೇ ಇಟ್ಕೊಬಹುದು?"

"ಎಲ್ಲದರಲ್ಲೂ."

"ಹಾಗಾದ್ರೆ ಸುಲಭದ್ದು ಯಾವುದಾದ್ರೂ ಕೊಡಿ."

ಅವನು ಹೊಸಬರಿಗೆ ಒಗ್ಗುತ್ತದೆಂದು ಮಿಂಟ್ ಎಂಬ ಲಿನಕ್ಸ್ ತುಂಬಿಸಿಕೊಟ್ಟ. "ಫೈಲ್ ಕಾಪಿ ಮಾಡ್ಕೊಳ್ಳೋಕೆ ಇನ್ನೊಂದು ಖಾಲಿ ಪೆನ್‌ಡ್ರೈವ್ ತಗೊಂಡು ಹೋಗಿ" ಎಂದೂ ಹೇಳಿದ. ಆ ಹೊತ್ತಿಗೆ ಗಂಡಸು ಜಾತಿಯ ಮೇಲೆಯೇ ಅವಳಿಗೆ ನಂಬಿಕೆ ಹೋಗಿತ್ತು. ಒಂದು ಕೇಳಿದರೆ ಎರಡು ದಾಟಿಸುವ ವ್ಯಾಪಾರ ಎಂದುಕೊಂಡು, "ಬೇಡ, ಇದೇ ಸಾಕು" ಎಂದು ಹೊರಟುಬಂದಳು.

ಮೊದಲ ಸಲ ಬಟನ್ ಒತ್ತಿದಾಗ ಬಂದದ್ದು ಭಾವನ ಕಪ್ಪು ಕನ್ನಡಕವೇ. ಎರಡನೇ ಸಲವೂ ಅವನೇ. ಆಮೇಲೆ ರಿಪೇರಿಯವನು ತೋರಿಸಿದ್ದ ಕೀಬೋರ್ಡಿನ ಮೇಲಿನ ಸಾಲಿನ ಕೀಲಿಯನ್ನು ಬಿಡದೆ ತಟ್ಟುತ್ತಾ ಹೋದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು, ಪೆನ್‌ಡ್ರೈವ್ ಮಿನುಗಿತು, ಕೊನೆಗೆ ಅಚ್ಚುಕಟ್ಟಾದ ಹೊಸ ಪರದೆ ತೆರೆದುಕೊಂಡಿತು. ಯಾರ ಫೋಟೋವೂ ಇಲ್ಲ, ಯಾರೂ ಏನೂ ಕೇಳಲಿಲ್ಲ. ಡಿಸ್ಕ್ ತೆರೆದರೆ ಭಾವನ ಹೆಸರಿನ ಫೋಲ್ಡರ್ ಬಾಗಿಲು ಹಾರುಹೊಡೆದುಕೊಂಡು ಬಿದ್ದಿತ್ತು. ಅದರೊಳಗೆ ಅವಳ ಪ್ಯಾಟರ್ನ್‌ಗಳು, ತೋಳಿನ ಮೊದಲ ಗೆರೆಯಿಂದ ಕೊನೆಯ ತಿದ್ದುಪಡಿಯವರೆಗೆ. ಟೇಪಕ್ಕನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇಷ್ಟು ಸಣ್ಣ ಬೀಗಕ್ಕೆ ತಲೆ ತಗ್ಗಿಸಿದೆನಲ್ಲ ಎಂದು ಮೈ ಉರಿಯಿತು.

ಪ್ಯಾಟರ್ನ್‌ಗಳ ಫೋಲ್ಡರನ್ನು ಎಳೆದು ಹೊಸ ಪರದೆಯ ಮೇಲಿಟ್ಟಳು. ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟ ಬಟ್ಟೆ ಮೇಜಿನ ಮೇಲೆಯೇ ಇರುತ್ತದೆ. ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಅದರಲ್ಲಿ ಅನುಮಾನ ಬರಲಿಲ್ಲ. ತೆರೆದು ನೋಡಿದಳು, ಎಲ್ಲಾ ಸರಿಯಾಗಿತ್ತು.

ಡಿಸ್ಕಿನಲ್ಲಿ ಅದರ ಪಕ್ಕದಲ್ಲೇ ಭಾವನ ಗಿರಾಕಿಗಳ ಅಳತೆಗಳ ಫೋಲ್ಡರ್ ಕೂತಿತ್ತು. ಅದನ್ನು ಅವಳು ಮುಟ್ಟಲಿಲ್ಲ.

ಲಿನಕ್ಸನ್ನು ಮಷೀನಿನಲ್ಲೇ ಕಾಯಂ ಕೂರಿಸಲು ಹೊರಟಾಗ ಒಂದು ಪ್ರಶ್ನೆ ಬಂತು: ಈಗಿರುವುದರ ಪಕ್ಕದಲ್ಲಿ ಕೂರಿಸಲೋ, ಡಿಸ್ಕ್ ಪೂರ್ತಿ ಅಳಿಸಿ ಕೂರಿಸಲೋ? ಪಕ್ಕದಲ್ಲಿ ಎಂದು ಒತ್ತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವನ ಪಕ್ಕ ಅವಳು ಸಾಕಷ್ಟು ಕೂತಾಗಿತ್ತು. "ಬರೀ ಮಣೆ ಅಲ್ವಾ ಭಾವ?" ಎಂದು ಖಾಲಿ ಕೋಣೆಗೆ ಕೇಳಿಸುವ ಹಾಗೆ ಹೇಳಿ, ಅಳಿಸು ಎಂದು ಒತ್ತಿದಳು. ಅಳಿಸಿದ್ದು ವಾಪಸ್ ಬರುವುದಿಲ್ಲ ಎಂದು ಮಷೀನ್ ಎಚ್ಚರಿಸಿತು. ಬರಬಾರದೆಂದೇ ಅವಳ ಆಸೆ, ಮತ್ತೆ ಒತ್ತಿದಳು. ಅವಳ ಹೆಸರು ಕೇಳಿತು, ಕೊಟ್ಟಳು. ಪಾಸ್‌ವರ್ಡ್ ಕೇಳಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಎಡಗೈ ಅಡ್ಡ ಹಿಡಿದೇ ಒತ್ತಿದಳು. ಆಮೇಲೆ ಚಹಾ ಮಾಡಿಕೊಂಡು ಬಂದು, ಹಸಿರು ಗೆರೆ ಎಡದಿಂದ ಬಲಕ್ಕೆ ಹರಿಯುವುದನ್ನು ಗುಟುಕು ಗುಟುಕಾಗಿ ನೋಡಿದಳು. ಅಷ್ಟು ರುಚಿಯ ಚಹಾ ಅವಳು ಕುಡಿದೇ ಇರಲಿಲ್ಲ.

ಪೆನ್‌ಡ್ರೈವ್ ತೆಗೆದು ಮತ್ತೆ ಶುರು ಮಾಡು ಎಂದಿತು. ಮಾಡಿದಳು. ತನ್ನ ಪಾಸ್‌ವರ್ಡ್ ಒತ್ತಿದಳು.

ಪರದೆ ಖಾಲಿ. ಪ್ಯಾಟರ್ನ್ ಫೋಲ್ಡರ್ ಇಟ್ಟ ಜಾಗದಲ್ಲಿ ಏನೂ ಇರಲಿಲ್ಲ. ಮೂಲೆ ಮೂಲೆ ಹುಡುಕಿದಳು, ಆರಿಸಿ ಹಚ್ಚಿದಳು, ಕೊನೆಗೆ ರಿಪೇರಿಯವನಿಗೆ ಫೋನು ಮಾಡಿದಳು.

"ಪೆನ್‌ಡ್ರೈವ್‌ನಿಂದ ಎದ್ದಾಗ ಪರದೆ ಮೇಲೆ ಇಟ್ಟಿದ್ದು ಡಿಸ್ಕಿಗೆ ಹೋಗಲ್ಲ ಅಕ್ಕ" ಎಂದ ಅವನು. "ಮಷೀನ್ ಆರೋವರೆಗೆ ಮಾತ್ರ ಇರುತ್ತೆ. ಅದಕ್ಕೇ ಇನ್ನೊಂದು ಪೆನ್‌ಡ್ರೈವ್ ತಗೊಳ್ಳಿ ಅಂದಿದ್ದು. ಹಳೇದು ಡಿಸ್ಕಲ್ಲಿ ಇದೆಯಲ್ಲ?"

"ಅಳಿಸಿದೆ."

"ತಂದುಕೊಡಿ, ನೋಡ್ತೀನಿ. ಆದ್ರೆ ಆಸೆ ಇಟ್ಕೊಬೇಡಿ."

ಟೇಪಕ್ಕ ಮೇಜಿಗೆ ಹಣೆ ಚಚ್ಚಿಕೊಂಡಳು. ಭಾವನ ಮನೆ ಸುಡಲು ಹೋಗಿ ತನ್ನ ಗಂಟನ್ನೂ ಅದೇ ಬೆಂಕಿಗೆ ಹಾಕಿದ್ದಳು. ಅತ್ತು ಮುಗಿಸುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಭಾವ ಬಂದಿದ್ದ, ಹಿಂದೆ ಅಕ್ಕ.

ಅವನ ಮುಖದಲ್ಲಿ ಹಿಂದೆಂದೂ ಕಾಣದ ಮೃದುತ್ವವಿತ್ತು. "ನೋಡಮ್ಮ, ಮನೆಯವರ ಮಧ್ಯೆ ಹಟ ಯಾಕೆ? ಗೋದಾಮಿನವರು ಎಲ್ಲರಿಗೂ ಹೊಸ ಕೋಟು ಹೇಳಿದಾರೆ. ಅಳತೆ ಎಲ್ಲಾ ಇದರಲ್ಲೇ ಉಳ್ಕೊಂಡಿದೆ. ಸ್ವಲ್ಪ ಕೊಟ್ರೆ ಬರ್ಕೊಂಡು ಹೋಗ್ತೀನಿ." ಹೇಳುತ್ತಲೇ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಎಡಗೈ ತಾನಾಗಿಯೇ ಅಡ್ಡ ಬಂತು. ಆದರೆ ಅಷ್ಟರಲ್ಲಿ ಮುಚ್ಚಿಕೊಂಡಿದ್ದ ಪರದೆಯಲ್ಲಿ ಟೇಪಕ್ಕನ ಹೆಸರಿತ್ತು. ಅವನ ಪಾಸ್‌ವರ್ಡಿಗೆ ಅದು ಮೂರು ಸಲವೂ ಒಲ್ಲೆ ಎಂದಿತು.

"ಇದೇನಿದು?"

"ಲಿನಕ್ಸ್. ನಾನೇ ಹಾಕಿದ್ದು."

"ನನ್ನ ಅಳತೆಗಳು?"

ಇಲ್ಲ ಎಂಬ ಮಾತು ಅವಳ ನಾಲಗೆ ತುದಿಗೆ ಬಂದಿತ್ತು. ಆದರೆ ಅವನ ಹಣೆಯ ಮೇಲೆ ಬೆವರು ಮೂಡಿತ್ತು, ಅದು ಅವಳಿಗೆ ತುಂಬಾ ಇಷ್ಟವಾಯಿತು. ಮೇಜಿನ ಮೇಲಿದ್ದ ಬಟ್ಟೆಯೊಂದನ್ನು ಎಳೆದುಕೊಂಡು, ಅದರಿಂದ ತಲೆ ಎತ್ತದೆ, "ಕೊಡ್ತೀನಿ ಭಾವ, ಈಗ ಕೆಲಸ ಇದೆ" ಎಂದಳು.

ಭಾವ ಲ್ಯಾಪ್‌ಟಾಪನ್ನು ಅವಳ ಕಡೆಗೇ ತಿರುಗಿಸಿಟ್ಟ. "ನಾಳೆ ಬರಲಾ?" ಎಂದ.

"ಬನ್ನಿ. ನೋಡೋಣ."

ಅವನು ಮೆಟ್ಟಿಲಿಳಿದ. ಅಕ್ಕ ಹೊರಡುತ್ತಿದ್ದಂತೆ ಟೇಪಕ್ಕ ಅವಳ ತೋಳು ಹಿಡಿದಳು. ಅಕ್ಕ ತೊಟ್ಟಿದ್ದು ಅಂಗಡಿಯ ಹಳೇ ಕೆಲಸದ ಕೋಟು, ಆ ತೋಳು ಸರಿ ಬಂದ ಮೊದಲ ಕೋಟು. "ಅಕ್ಕ, ಇದನ್ನ ಬಿಟ್ಟು ಹೋಗು. ಹೊಲಿಗೆ ಬಿಚ್ಚಿ ಗೆರೆ ತೆಕ್ಕೊಬೇಕು."

ಅಕ್ಕ ಲ್ಯಾಪ್‌ಟಾಪ್ ನೋಡಿದಳು, ತಂಗಿಯ ಕೆಂಪಾದ ಕಣ್ಣು ನೋಡಿದಳು, ಮೇಜಿನ ಮೇಲಿದ್ದ ಬ್ಲೇಡು ನೋಡಿದಳು. ಮಷೀನಿನೊಳಗೆ ಗೆರೆ ಇದ್ದವಳು ಹಳೇ ಕೋಟು ಬಿಚ್ಚುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೋಟು ಕಳಚಿ ತಂಗಿಯ ಮಡಿಲಲ್ಲಿಟ್ಟು ಕೆಳಗಿಳಿದಳು.

ಬೀದಿಯಲ್ಲಿ ಭಾವ ಕೇಳುವುದು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. "ನಿಜವಾಗ್ಲೂ ಒಳಗಿದೆಯಾ? ನಿಂಗೇನಾದ್ರೂ ತೋರಿಸಿದ್ಲಾ?"

ಸೂಜಿಯ ಕಣ್ಣೂ ಕಾಣದ ಅಕ್ಕ, ಸ್ವಲ್ಪವೂ ತಡವರಿಸದೆ ಹೇಳಿದಳು. "ಇದೆ ರೀ. ಎಲ್ಲಾ ಇದೆ. ನಾನೇ ಕಣ್ಣಾರೆ ನೋಡ್ದೆ."