ಕೋಟಿನ ಜೇಬಿನ ಕಲ್ಲು

ಎಲ್ವೆಡ್ ಪ್ರಾಥೆರೋ ಅವರಷ್ಟು ಹೊತ್ತು ಸುಮ್ಮನಿರಬಲ್ಲ ಇನ್ನೊಬ್ಬ ಅಧ್ಯಾಪಕರನ್ನು ನಾನು ಕಂಡಿಲ್ಲ. ವೇಲ್ಸಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಅವರು ಭೂವಿಜ್ಞಾನವನ್ನು ನಾಡಿನ ಭಾಷೆಯಾದ ವೆಲ್ಷ್‌ನಲ್ಲಿ ಕಲಿಸುತ್ತಿದ್ದರು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರೆಂದರೆ ಮುಗಿಯಿತು. ಕಿಟಕಿಯ ಕಡೆಗೆ ತಿರುಗಿ, ಕೋಟಿನ ಬಲಜೇಬಿಗೆ ಕೈಯಿಳಿಸಿ, ಅಲ್ಲಿರುವ ಸ್ಲೇಟುಕಲ್ಲಿನ ಚೂರನ್ನು ಬೆರಳುಗಳಲ್ಲಿ ಹೊರಳಿಸುತ್ತ, ಕೊಲ್ಲಿಯ ಮೇಲಿನ ಮೋಡ ಆಚೆ ದಡ ಸೇರುವವರೆಗೂ ನಿಂತುಬಿಡುತ್ತಿದ್ದರು. ವಿದ್ಯಾರ್ಥಿಯ ನಾಲಗೆಯ ತುದಿಯಲ್ಲಿ ಉತ್ತರ ಇಂಗ್ಲಿಷಿನಲ್ಲಿ ಸಿದ್ಧವಾಗಿರುತ್ತಿತ್ತು. ಅದರ ವೆಲ್ಷ್ ರೂಪ ಮಾತ್ರ ಒಳಗೆಲ್ಲೋ ಸಿಕ್ಕಿಕೊಂಡಿರುತ್ತಿತ್ತು. ಅದು ಹೊರಬರುವ ತನಕ ಮೇಷ್ಟರಿಗೆ ಅವಸರವಿರಲಿಲ್ಲ. ಭೂವಿಜ್ಞಾನಿಗಳಿಗೆ ಕಾಲದ ಲೆಕ್ಕವೇ ಬೇರೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನನ್ನದು ದುಭಾಷಿಯ ಕೆಲಸ. ವೆಲ್ಷ್ ಬಾರದವರು ಕೋಣೆಯಲ್ಲಿದ್ದರೆ ಹಿಂದಿನ ಸಾಲಿನಲ್ಲಿ ಮೈಕು ಹಿಡಿದು ಕುಳಿತು, ಅವರ ಕಿವಿಯ ಹೆಡ್‌ಫೋನಿಗೆ ಇಂಗ್ಲಿಷಿನಲ್ಲಿ ಪಿಸುಗುಡುವುದು. ಮಾತನ್ನು ಅನುವಾದಿಸಬಹುದು, ಮೌನವನ್ನು ಏನು ಮಾಡುವುದು? ಮೇಷ್ಟರ ಮೌನದ ಭಾರವೆಲ್ಲ ಬೀಳುತ್ತಿದ್ದುದು ನನ್ನ ತಲೆಯ ಮೇಲೆಯೇ.

ಆ ಕೋಟಿನ ಮಾತು ಬೇರೆ ಹೇಳಬೇಕು. ಹೋದ ಹೋದ ಗುಡ್ಡದಿಂದೆಲ್ಲ ಒಂದೊಂದು ಚೂರು ಕಲ್ಲು ತಂದು ತುಂಬಿದ್ದರಿಂದ ಬಲಜೇಬು ತೊಡೆಯವರೆಗೆ ಜೋತುಬಿದ್ದು, ಮೇಷ್ಟರು ಸಮತಟ್ಟಾದ ರಸ್ತೆಯಲ್ಲೂ ಇಳಿಜಾರಿನಲ್ಲಿ ನಡೆದಂತೆ ಒಂದು ಮಗ್ಗುಲಿಗೆ ವಾಲಿಕೊಂಡು ನಡೆಯುತ್ತಿದ್ದರು. ಅವರ ಹೆಂಡತಿ ಕೈನ್ವೆನ್ ನನ್ನೆದುರಿಗೇ ಒಮ್ಮೆ ಅಂದಿದ್ದರು: “ಈ ಕೋಟು ಹಾಕಿದ್ರೆ ಬಟ್ಟೆ ಒಗೆಯೋ ಮಷೀನೇ ಹಾಳಾಗುತ್ತೆ. ಒಂದಿನ ಇವರನ್ನೇ ಹಾಕಿ ತಿರುಗಿಸ್ತೀನಿ ನೋಡಿ.”

ನಮ್ಮ ಜನಕ್ಕೊಂದು ವಿಚಿತ್ರ ಸೌಜನ್ಯವಿದೆ. ವೆಲ್ಷ್‌ನಲ್ಲಿ ಹರಟುತ್ತಿರುವ ಕೋಣೆಗೆ ಇಂಗ್ಲಿಷಿನವನೊಬ್ಬ ಕಾಲಿಟ್ಟರೆ ಸಾಕು, ಅಷ್ಟೂ ಬಾಯಿಗಳು ಒಟ್ಟಿಗೆ ಇಂಗ್ಲಿಷಿಗೆ ಹೊರಳುತ್ತವೆ. ಅವನು ಹೋದ ಮೇಲೂ ಮರಳಿ ಬರಲು ಮರೆಯುತ್ತವೆ. ಲೆಕ್ಕಪತ್ರ ವಿಭಾಗದ ಹಾರ್ಟ್‌ನೆಲ್ ಅವರ ಇಂಗ್ಲಿಷ್ ಹೆಸರು ಕೇಳಿಯೇ ನಾವೆಲ್ಲ ವರ್ಷಗಟ್ಟಲೆ ಅವರೊಂದಿಗೆ ಇಂಗ್ಲಿಷಿನಲ್ಲೇ ವ್ಯವಹರಿಸಿದ್ದೆವು. ಎದುರಾದವರನ್ನೆಲ್ಲ ಮೊದಲು ವೆಲ್ಷ್‌ನಲ್ಲೇ ಮಾತಾಡಿಸುವ ಹಟ ಮೇಷ್ಟರದು. ಒಂದು ಬೆಳಗ್ಗೆ ಲಿಫ್ಟಿನಲ್ಲಿ ಅವರು ಚಳಿಯ ಬಗ್ಗೆ ಏನೋ ಅಂದರೆ, ಹಾರ್ಟ್‌ನೆಲ್ ಅಪ್ಪಟ ವೆಲ್ಷ್‌ನಲ್ಲಿ ಉತ್ತರಿಸಿದರು: “ನನ್ನನ್ನ ಸಾಕಿದ್ದೇ ಅಜ್ಜಿ. ಅವಳಿಗೆ ಬೇರೆ ಭಾಷೆ ಬರ್ತಿರಲಿಲ್ಲ. ಇಲ್ಲಿ ಯಾರೂ ನನ್ನನ್ನ ಕೇಳ್ಲೇ ಇಲ್ಲ.” ಅಂದು ನಾಚಿಕೆಯಾದದ್ದು ನಮಗೆ; ಮೇಷ್ಟರಿಗೆ ಆಶ್ಚರ್ಯವೂ ಆಗಲಿಲ್ಲ.

ಮಾಬ್ಲಿ ಎಂಬ ಹುಡುಗಿ ಅವರ ತರಗತಿಗೆ ಬಂದದ್ದು ಗುಡ್ಡದ ಮೇಲಿನ ಕುರಿಸಾಕಣೆಯ ಮನೆಯಿಂದ. ಮೊದಲ ದಿನವೇ ಬಾಗಿಲಲ್ಲಿ ನಿಂತು, ಇದೇ ಪಾಠದ ಇಂಗ್ಲಿಷ್ ತರಗತಿಗೆ ಹೋಗುತ್ತೇನೆ ಎಂದಳು.

“ನಮ್ಮನೆ ವೆಲ್ಷ್ ಕುರಿಗಳನ್ನ ಕೂಗಿ ಕರೆಯೋಕೆ ಸಾಕು, ಯೂನಿವರ್ಸಿಟಿಗಲ್ಲ.”

“ಕುರಿಗಳಿಗೆ ಅರ್ಥ ಆಗುತ್ತಾ?”

“ಆಗುತ್ತೆ.”

“ಹಾಗಾದ್ರೆ ಪ್ರೊಫೆಸರುಗಳಿಗೂ ಒಂದಷ್ಟು ಆಗಬಹುದು. ಕೂತ್ಕೋ ಮರಿ.”

ಅವಳು ಕೂತಳು. ಉಳಿದವರು ಒಬ್ಬೊಬ್ಬರಾಗಿ, ಕೆಲಸ ಸಿಗದೆಂಬ ಹೆದರಿಕೆಯಿಂದ, ಪಕ್ಕದ ಇಂಗ್ಲಿಷ್ ತರಗತಿಗೆ ಜಾರಿಕೊಂಡರು. ಕೊನೆಯ ವರ್ಷಕ್ಕೆ ಉಳಿದವಳು ಮಾಬ್ಲಿ ಒಬ್ಬಳೇ. ಅವಳೂ ಮೌಖಿಕ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ, ಮೇಷ್ಟರ ನಿವೃತ್ತಿಯೊಂದಿಗೆ ವೆಲ್ಷ್ ತರಗತಿಯನ್ನು ಮುಚ್ಚುವುದೆಂದು ವಿಭಾಗ ತೀರ್ಮಾನಿಸಿತ್ತು. ಇದು ಅವಳಿಗೆ ಗೊತ್ತಾಗಕೂಡದೆಂದು ನಮಗೆಲ್ಲ ತಾಕೀತು ಮಾಡಿದವರು ಮೇಷ್ಟರೇ. “ಅವಳ ಪರೀಕ್ಷೆ ಅವಳದು. ನನ್ನ ತರಗತೀನ ಆ ಮಗು ತಲೆ ಮೇಲೆ ಹೊರಿಸ್ಬೇಡಿ” ಎಂದರು.

ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರಾಗಿ ಬಂದಿದ್ದ ಡಾಕ್ಟರ್ ಆಶ್ಬಿ ಇಂಗ್ಲಿಷಿನವರು, ಸಜ್ಜನರು, ಹೆಡ್‌ಫೋನ್ ಏರಿಸಿ ಶ್ರದ್ಧೆಯಿಂದ ಕುಳಿತಿದ್ದರು. ಮಾಬ್ಲಿಯ ವಿಷಯ, ಅವಳ ಊರಿನ ಗುಡ್ಡ ಏಕೆ ಜರಿಯುತ್ತಿದೆ ಎಂಬುದು. ಬರೆದುಕೊಂಡು ಬಂದದ್ದನ್ನು ವೆಲ್ಷ್‌ನಲ್ಲಿ ಚೆನ್ನಾಗಿಯೇ ಹೇಳಿದಳು. ಆಮೇಲೆ ಆಶ್ಬಿ, ಮಳೆ ನಿಂತು ವಾರಗಳಾದ ಮೇಲೂ ಮಣ್ಣು ಸರಿಯುವುದೇಕೆ ಎಂದು ಕೇಳಿದರು. ಅವಳು ಬಾಯಿ ತೆರೆದಳು, ಮಾತು ಬರಲಿಲ್ಲ.

ವಿಭಾಗದ ಮುಖ್ಯಸ್ಥೆ ನೆರಿಸ್ ಮೃದುವಾಗಿ, “ಇಂಗ್ಲಿಷಲ್ಲೇ ಹೇಳಮ್ಮ, ಪರವಾಗಿಲ್ಲ” ಎಂದರು. ನಮ್ಮ ಹಳೆಯ ಸೌಜನ್ಯವೇ ಎದ್ದು ಬಂದು ಹಾಗೆ ಹೇಳಿಸಿತ್ತು. ಮಾಬ್ಲಿ ಮೇಷ್ಟರ ಕಡೆ ನೋಡಿದಳು. ಅವರು ಕಿಟಕಿಯ ಕಡೆ ತಿರುಗಿದ್ದರು. ಒಂದು ಪದ ಹೇಳಿಕೊಟ್ಟಿದ್ದರೆ ಸಾಕಿತ್ತು. ಆ ಶಾಸ್ತ್ರದ ಅರ್ಧ ಪದಗಳನ್ನು ವೆಲ್ಷ್‌ನಲ್ಲಿ ಕಟ್ಟಿದವರೇ ಅವರು. ಹೇಳಲಿಲ್ಲ. ನಾನು ಕಂಡದ್ದು ಜೇಬಿನೊಳಗಿನ ಆ ಕೈಯನ್ನು. ಅದು ಕಲ್ಲನ್ನು ಹೊರಳಿಸುತ್ತಿರಲಿಲ್ಲ, ಬಿಗಿಯಾಗಿ ಹಿಡಿದಿತ್ತು.

ಆಶ್ಬಿ ಹೆಡ್‌ಫೋನನ್ನು ಬೆರಳಿನಿಂದ ತಟ್ಟಿ, ಕೆಟ್ಟಿತೇನೋ ಎಂದು ನನ್ನ ಕಡೆ ತಿರುಗಿದರು. ನಾನು ಮೈಕಿನಲ್ಲಿ ಹೇಳಿದೆ: “ಕೆಟ್ಟಿಲ್ಲ. ಅವಳು ಯೋಚನೆ ಮಾಡ್ತಿದಾಳೆ.”

ಕೊನೆಗೆ ಮಾಬ್ಲಿ ಅಂದಳು: “ನಮ್ಮ ಮೇಲಿನ ಹೊಲದ ಕಲ್ಲುಗೋಡೆ ಪ್ರತಿ ವಸಂತದಲ್ಲಿ ಹೊಟ್ಟೆ ಉಬ್ಬಿಸ್ಕೊಳ್ಳುತ್ತೆ. ಗುಡ್ಡ ಚಳಿಗಾಲದಲ್ಲಿ ಕುಡಿದದ್ದನ್ನ ಈಗ ಅರಗಿಸ್ಕೊಳ್ತಿದೆ ಅಂತಾರೆ ನಮ್ಮ ತಾತ. ಅಲ್ಲಿಂದಲೇ ಶುರು ಮಾಡ್ತೀನಿ.” ಮಾಡಿದಳು. ಜೇಡಿಮಣ್ಣಿನ ಪದರ, ಅದರ ಕೆಳಗೆ ವಾಲಿದ ಸ್ಲೇಟು, ನಡುವೆ ತಡವಾಗಿ ಇಳಿಯುವ ನೀರು. ಮನೆಯ ಮಾತೂ ಶಾಸ್ತ್ರದ ಮಾತೂ ಒಂದರ ಕೈ ಒಂದು ಹಿಡಿದು ಬಂದವು. ನಾನು ಅನುವಾದಿಸುತ್ತ ಅವಳ ಮಾತಿನ ಹಿಂದೆ ಏದುಸಿರು ಬಿಡುತ್ತ ಓಡಿದೆ.

ಹೊರಗೆ ಬಂದ ಮೇಷ್ಟರು, “ಹೊಟ್ಟೆ ಹಸೀತಿದೆ, ಕೈನ್ವೆನ್ ಬಾರಾ ಬ್ರಿತ್ ಕಳ್ಸಿದಾಳೆ” ಎನ್ನುತ್ತ ಆ ಒಣದ್ರಾಕ್ಷಿ ರೊಟ್ಟಿಯ ತುಂಡನ್ನು ನನಗೆ ಚಾಚಿದರು. ಅವರ ಅಂಗೈಯಲ್ಲಿ ಸ್ಲೇಟಿನ ಅಂಚು ಕೆಂಪಗೆ ಅಚ್ಚೊತ್ತಿತ್ತು.

ತರಗತಿ ಉಳಿಯಿತು. ಈಗ ಅಲ್ಲಿ ಪಾಠ ಹೇಳುವವಳು ಮಾಬ್ಲಿ. ಪ್ರಶ್ನೆ ಕೇಳಿ ಅವಳೂ ಕಿಟಕಿಯ ಕಡೆ ತಿರುಗುತ್ತಾಳೆ. ಹಿಂದಿನ ಸಾಲಿನಲ್ಲಿ ನಾನು ಮೈಕು ತಗ್ಗಿಸಿ ಕಾಯುತ್ತೇನೆ. ಭಾಷೆಯನ್ನು ಉಳಿಸುತ್ತೇನೆಂದು ಇಂಥ ಮೇಷ್ಟರುಗಳು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಎದುರಿಗಿರುವವರೊಳಗೆ ಮಾತು ಇದ್ದೇ ಇದೆಯೆಂದು ನಂಬಿ, ಅದು ಬರುವ ತನಕ ಕಾಯುತ್ತಾರೆ. ಬಾರದೇ ಹೋದರೆ ಎಂಬ ಹೆದರಿಕೆಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ.