ಬೆಚ್ಚಗಾಗದ ಕಾರು

ಐದನೆಯ ರಿಪೇರಿಯ ಚೀಟಿಯನ್ನು ಕುಬಾತ್ ಊಟದ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಉಪ್ಪಿನ ಬಟ್ಟಲು ಇಟ್ಟ. ಅವನ ಹೆಂಡತಿ ಜಾಂಗಿಲ್ ಚಹಾ ಬಗ್ಗಿಸುತ್ತಲೇ ಅದನ್ನು ತಲೆಕೆಳಗಾಗಿ ಓದಿದಳು. ಸ್ಪಾರ್ಕ್ ಪ್ಲಗ್ಗುಗಳು, ಎರಡು ಸಾವಿರದ ನಾಲ್ಕುನೂರು ಸೋಮ್. ಅದಕ್ಕೂ ಮೊದಲು ನೀರಿನ ಪಂಪು ನಾಲ್ಕು ಸಾವಿರದ ಇನ್ನೂರು, ರೇಡಿಯೇಟರ್ ತೊಳೆದದ್ದು ಒಂದೂವರೆ ಸಾವಿರ, ಹೀಟರ್ ಬದಲಾಯಿಸಿದ್ದು ಕೂಲಿ ಸೇರಿ ಆರು ಸಾವಿರದ ಎಂಟುನೂರು, ಹೊಗೆಯನ್ನು ಅಳೆಯುವ ಸೆನ್ಸರ್ ಏಳೂವರೆ ಸಾವಿರ. ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ನಾಲ್ಕುನೂರು. ಹೆಚ್ಚುಕಡಿಮೆ ಅವಳ ಒಂದು ತಿಂಗಳ ಸಂಬಳ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಗಿತ್ತು.

"ಈಗಲಾದ್ರೂ ಬಿಸಿ ಗಾಳಿ ಬರುತ್ತಾ?" ಎಂದಳು.

"ಬರುತ್ತೆ. ಮುದಿ ಮೇಕೆ ಉಸಿರು ಬಿಟ್ಟ ಹಾಗೆ," ಎಂದ ಕುಬಾತ್. "ಪೆಟ್ರೋಲು ಮಾತ್ರ ಕುದುರೆ ನೀರು ಕುಡಿದ ಹಾಗೆ ಕುಡೀತಿದೆ."

ಮೇಜಿನ ತುದಿಯಲ್ಲಿ ಕುಳಿತಿದ್ದ ಅವಳ ಮಾವ ಶೈಷೆನ್ ಬಟ್ಟಲನ್ನು ಮಗುಚಿಟ್ಟರು. ಇನ್ನು ಚಹಾ ಬೇಡ, ಮಾತೂ ಬೇಡ ಎಂದರ್ಥ. ಮೂವತ್ತೊಂದು ವರ್ಷ ಕಣಿವೆಗಳ ಮೇಲೆ ಲಾರಿ ಓಡಿಸಿದವರು. ಕಾರು ಅವರ ಹೆಸರಿನಲ್ಲೇ ಇತ್ತು.

"ಸಾಕು. ತುರ್ಗನ್‌ಗೆ ಕಾರು ಮಾರ್ತೀನಿ ಅಂತ ಮಾತು ಕೊಟ್ಟಾಯ್ತು. ಭಾನುವಾರ ಹತ್ತು ಗಂಟೆಗೆ ಬರ್ತಾನೆ, ದುಡ್ಡು ಕೊಡ್ತಾನೆ, ಹೊಡ್ಕೊಂಡು ಹೋಗ್ತಾನೆ."

ಅಂದು ಗುರುವಾರ. ಜಾಂಗಿಲ್ ಕೈಯಲ್ಲಿದ್ದ ಚಹಾದ ಕೆಟಲನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು. ಅವಳು ಭೌತಶಾಸ್ತ್ರ ಕಲಿಸುತ್ತಿದ್ದ ಶಾಲೆ ಅವರ ಊರಾದ ಆತ್‌ಬಾಶಿಯಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿತ್ತು. ಮೊದಲ ಹಿಮ ಬಿದ್ದ ಮೇಲೆ ಆ ದಾರಿಯಲ್ಲಿ ಬಾಡಿಗೆ ಗಾಡಿ ಓಡುವುದಿಲ್ಲ. ಅವಳು ಬರಲಾಗದಿದ್ದರೆ ಹನ್ನೊಂದನೆಯ ತರಗತಿಯ ಭೌತಶಾಸ್ತ್ರವನ್ನು ವ್ಯಾಯಾಮದ ಮೇಷ್ಟ್ರಿಗೆ ಕೊಡುವುದಾಗಿ ಮುಖ್ಯೋಪಾಧ್ಯಾಯರು ಆಗಲೇ ಹೇಳಿದ್ದರು. ಆ ತರಗತಿಯ ಐವರು ಮಕ್ಕಳು ವಸಂತದಲ್ಲಿ ದೊಡ್ಡ ಪರೀಕ್ಷೆಗೆ ಕೂರುವವರು. ಕಾರು ಹೋದರೆ ಕೆಲಸವೂ ಹೋದಂತೆಯೇ.

ಆದರೆ ಸೊಸೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಅವಳು ಮಾವನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ, ಅವರ ಮಾತಿಗೆ "ಇಲ್ಲ" ಎಂದವಳೂ ಅಲ್ಲ. ಆ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ.

ಶುಕ್ರವಾರ ಅವಳು ಶಾಲೆಗೆ ಹೊರಟಾಗ ಪ್ರಯೋಗಶಾಲೆಯ ಥರ್ಮಾಮೀಟರೊಂದನ್ನು ಹೀಟರಿನ ಕಿಂಡಿಗೆ ಸಿಕ್ಕಿಸಿಕೊಂಡಳು. ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ. ಇಪ್ಪತ್ತೆರಡು ಕಿಲೋಮೀಟರ್ ಓಡಿದ ಮೇಲೂ ಕಿಂಡಿಯ ಗಾಳಿ ಹದಿನೇಳು ಡಿಗ್ರಿ ದಾಟಲಿಲ್ಲ. ವಿಚಿತ್ರವೆಂದರೆ, ಏರಿನಲ್ಲಿ ಇಂಜಿನ್ನಿನ ಬಿಸಿಯ ಮುಳ್ಳು ಒಂದಿಷ್ಟು ಮೇಲೇಳುತ್ತಿತ್ತು, ಇಳಿಜಾರಿನಲ್ಲಿ ಸೋತು ತಳಕ್ಕೆ ಮಲಗುತ್ತಿತ್ತು. ಹೀಟರ್ ಕೆಟ್ಟಿದ್ದರೆ ಇಂಜಿನ್ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿರಬೇಕು. ಇಲ್ಲಿ ಇಂಜಿನ್ನೇ ಬೆಚ್ಚಗಾಗುತ್ತಿಲ್ಲ. ಒಲೆಯೇ ಹತ್ತದ ಮನೆಯಲ್ಲಿ ಅವರು ಐದು ಸಲ ಪಾತ್ರೆ ಬದಲಾಯಿಸಿದ್ದರು!

ಮರಳಿ ಬರುವಾಗ ಅವಳು ರೇಡಿಯೇಟರಿನ ಮುಂದೆ ಒಂದು ರಟ್ಟನ್ನು ಕಟ್ಟಿದಳು. ಗಾಳಿ ಮೂವತ್ತೊಂದು ಡಿಗ್ರಿಗೆ ಏರಿತು. ಅವಳ ಎದೆ ಡವಗುಟ್ಟಿತು. ತರಗತಿಯಲ್ಲಿ ಮಕ್ಕಳ ಲೆಕ್ಕ ಸರಿಹೋಗುವ ಮುನ್ನಿನ ಆ ಒಂದು ಕ್ಷಣದಲ್ಲಿ ಅವಳಿಗೆ ಹೀಗೆಯೇ ಆಗುತ್ತಿತ್ತು.

ಶನಿವಾರ ಬೆಳಿಗ್ಗೆ, ರಾತ್ರಿಯಿಡೀ ಅಂಗಳದಲ್ಲಿ ಮರಗಟ್ಟಿ ನಿಂತಿದ್ದ ಕಾರಿನ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಕೈಗವಸು ಕಳಚಿ ರೇಡಿಯೇಟರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಹಿಡಿದು ನಿಂತಳು. ಒಂದು ಮೇಲಿನದು, ಒಂದು ಕೆಳಗಿನದು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲೊಂದಿರುತ್ತದೆ. ನೀರು ಚೆನ್ನಾಗಿ ಬಿಸಿಯಾಗುವವರೆಗೆ ಅದು ಮುಚ್ಚಿಕೊಂಡಿದ್ದು, ನೀರನ್ನು ಇಂಜಿನ್ನಿನ ಒಳಗೇ ಸುತ್ತಿಸುತ್ತದೆ. ಬಾಗಿಲು ಸರಿಯಿದ್ದರೆ ಕೊಳವೆಗಳು ಹತ್ತು ನಿಮಿಷವಾದರೂ ತಣ್ಣಗಿರಬೇಕು. ಮೂರನೆಯ ನಿಮಿಷಕ್ಕೇ ಎರಡೂ ಒಟ್ಟಿಗೆ ಉಗುರುಬೆಚ್ಚಗಾದವು.

ಬಾಗಿಲು ತೆರೆದೇ ಇದೆ. ಇಲ್ಲವೇ ಬಾಗಿಲೇ ಇಲ್ಲ!

ಅವಳು ತಲೆವಸ್ತ್ರ ಜಾರಿದ್ದನ್ನೂ ಗಮನಿಸದೆ ಮೆಕ್ಯಾನಿಕ್ ಉಲುಕ್ಮಾನ್‌ಗೆ ಫೋನ್ ಮಾಡಿದಳು.

"ಥರ್ಮೋಸ್ಟಾಟ್ ಬಿಚ್ಚಿ ನೋಡಿದ್ಯಾ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಅವಳನ್ನು ಅವನು ಅಕ್ಕ ಎಂಬರ್ಥದಲ್ಲಿ ಎಜೆ ಎನ್ನುತ್ತಿದ್ದ. "ಇಲ್ಲ ಎಜೆ. ಬಿಚ್ಚೋಕೆ ಹೋದೆ. ನಿಮ್ಮ ಮಾವ, ಆತಾ, ಪಕ್ಕದಲ್ಲೇ ನಿಂತಿದ್ರು. 'ಅದನ್ನ ಜೂನಲ್ಲಿ ನಾನೇ ಸರಿ ಮಾಡಿದೀನಿ, ಮುಟ್ಟಬೇಡ' ಅಂದ್ರು. ನಮ್ಮಪ್ಪಂಗೆ ಲಾರಿ ಕಲಿಸಿದವರು ಅವರು. ಅವರು ಸರಿ ಮಾಡಿದ್ದನ್ನ ನಾನು ಬಿಚ್ಚಿ ನೋಡ್ತೀನಿ ಅನ್ನೋಕಾಗುತ್ತಾ?"

"ಅದಕ್ಕೆ ಅದೊಂದು ಬಿಟ್ಟು ಸುತ್ತ ಇದ್ದದ್ದೆಲ್ಲಾ ಬದಲಾಯಿಸಿದ್ಯಾ?"

"ಸುತ್ತ ಇದ್ದದ್ದೂ ಹಳೇದೇ ಆಗಿತ್ತು ಎಜೆ," ಎಂದು ಅವನು ಗೊಣಗಿದ.

ಅವಳಿಗೆ ಜೂನ್ ತಿಂಗಳು ಕಣ್ಣಮುಂದೆ ಬಂತು. ಬೇಸಿಗೆಯ ಹುಲ್ಲುಗಾವಲಿಗೆ ಹೋಗುವ ಏರಿನಲ್ಲಿ ಕಾರು ಕುದಿದು ಉಗಿ ಬಿಟ್ಟಿತ್ತು. ಮಾವ ಇಳಿದು, ಎರಡು ಬೋಲ್ಟು ಸಡಿಲಿಸಿ, ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡು, ಕೈ ಒರೆಸಿಕೊಳ್ಳುತ್ತ ಬಂದಿದ್ದರು. ಆಮೇಲೆ ಬೇಸಿಗೆ ಮುಗಿಯುವವರೆಗೆ ಕಾರು ಕುದಿಯಲಿಲ್ಲ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹಳೆಯ ಲಾರಿಗಳಲ್ಲಿ ಎಲ್ಲ ಚಾಲಕರೂ ಬೇಸಿಗೆಯಲ್ಲಿ ಹಾಗೆಯೇ ಮಾಡುತ್ತಿದ್ದರು. ಚಳಿಗಾಲ ಬಂದರೆ ಲಾರಿಯ ಮೂತಿಗೆ ದಪ್ಪ ಹಚ್ಚಡ ಹೊದಿಸಿ ಓಡಿಸುತ್ತಿದ್ದರು, ಯಾವ ತೊಂದರೆಯೂ ಇರಲಿಲ್ಲ. ಈ ಕಾರಿಗೆ ಯಾರು ಹಚ್ಚಡ ಹೊದಿಸಿದ್ದರು? ನೀರು ತಣ್ಣಗಿದೆಯೆಂದು ಇಂಜಿನ್ ಅಕ್ಟೋಬರಿನಿಂದ ಸುಮ್ಮನೆ ಪೆಟ್ರೋಲು ಸುರಿದುಕೊಳ್ಳುತ್ತಿತ್ತು.

ಸಂತೆಯ ಬಿಡಿಭಾಗದ ಅಂಗಡಿಯಲ್ಲಿ ಹೊಸ ಥರ್ಮೋಸ್ಟಾಟಿಗೆ ಆರುನೂರೈವತ್ತು ಸೋಮ್. ಅವಳು ತೆರೆಯುವ ಬಿಸಿ ಎಂಬತ್ತೆರಡು ಡಿಗ್ರಿ ಎಂದು ಅಚ್ಚೊತ್ತಿದ್ದನ್ನೇ ಹುಡುಕಿ ತಂದಳು. ಆದರೆ ಅದನ್ನು ಹೇಗೆ ಹಾಕುವುದು? ಗಂಡನಿಗೆ ಹೇಳಿದರೆ ಅವನು ಅಪ್ಪನಿಗೆ ಹೇಳಬೇಕಾಗುತ್ತದೆ. ಉಲುಕ್ಮಾನ್‌ಗೆ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ: ಮೂವತ್ತೊಂದು ವರ್ಷದ ಚಾಲಕ ಕಾರನ್ನು ಕೆಡಿಸಿದ, ಸೊಸೆ ಸರಿ ಮಾಡಿದಳು.

ಸಂಜೆಯ ಚಹಾದ ಹೊತ್ತಿಗೆ ಅವಳು ಸಣ್ಣ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನಿಂತಳು.

"ಸಾರಿಗೆ ಅದೇನಮ್ಮ ಹಾಕ್ತಿದೀಯಾ?" ಎಂದರು ಶೈಷೆನ್.

"ಮಕ್ಕಳಿಗೆ ತೋರಿಸೋಕೆ, ಆತಾ. ಸರಿಯಾಗಿ ಮಾಡ್ತಿದೀನಾ ಅಂತ ನೀವೇ ನೋಡಿ ಹೇಳ್ಬೇಕು. ನಮ್ಮೂರಲ್ಲಿ ನೀರು ತೊಂಬತ್ತಮೂರಕ್ಕೇ ಕುದಿಯುತ್ತಲ್ಲ, ಅಷ್ಟರೊಳಗೆ ತೆರೆಯುತ್ತೋ ಇಲ್ವೋ ಅಂತ ಭಯ."

ಕಾರಿನ ವಿಷಯವಾದ್ದರಿಂದ ಅವರು ಎದ್ದು ಬಂದರು. ಎಪ್ಪತ್ತು. ಎಪ್ಪತ್ತೈದು. ಎಂಬತ್ತು. ತಾಮ್ರದ ಬಿಲ್ಲೆ ಅಲುಗಾಡಲಿಲ್ಲ. ಎಂಬತ್ತಮೂರಕ್ಕೆ ಅದು ಕೂದಲೆಳೆಯಷ್ಟು ಮೇಲೆದ್ದಿತು. ಎಂಬತ್ತೆಂಟಕ್ಕೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತು.

"ಒಳಗೆ ಮೇಣ ಇದೆ. ಕರಗಿ ಉಬ್ಬಿದಾಗ ಬಾಗಿಲನ್ನ ತಳ್ಳುತ್ತೆ," ಎಂದಳು ಅವಳು. "ಅಲ್ಲೀವರೆಗೆ ಒಂದು ತೊಟ್ಟು ನೀರೂ ತಣ್ಣಗಾಗೋಕೆ ಹೊರಗೆ ಹೋಗಲ್ಲ."

ಶೈಷೆನ್ ಪಾತ್ರೆಯ ಮೇಲೆ ಬಗ್ಗಿದವರು ಬಗ್ಗಿಯೇ ಇದ್ದರು. ಉಗಿಗೆ ಅವರ ಹುಬ್ಬು ಒದ್ದೆಯಾಯಿತು.

"ಸೊಸೆ, ಇದು ಯಾವ ತರಗತಿಗೆ ಪಾಠ?"

"ಎಂಟನೇ ತರಗತಿಗೆ, ಆತಾ."

"ಸುಳ್ಳು. ಇದು ನನಗೆ ಪಾಠ."

ಜಾಂಗಿಲ್‌ಗೆ ಕಿವಿಯ ತುದಿಯವರೆಗೆ ರಕ್ತ ನುಗ್ಗಿತು. ತಲೆ ಬಗ್ಗಿಸಿದಳು.

"ತಲೆ ಯಾಕೆ ಬಗ್ಗಿಸ್ತೀಯಾ? ಪಾತ್ರೆ ಇಳಿಸು, ಆರಲಿ. ಮುಚ್ಚಿಕೊಳ್ಳೋದನ್ನೂ ನೋಡ್ಬೇಕು ನಾನು. ಥೂ, ಮೂವತ್ತೊಂದು ವರ್ಷ ಇದನ್ನ ಬಿಚ್ಚಿ ಬಿಚ್ಚಿ ಎಸೆದಿದೀನಿ. ಬಿಸಿನೀರಲ್ಲಿ ಒಂದ್ಸಲ ಹಾಕಿ ನೋಡ್ಲಿಲ್ವಲ್ಲ!"

ಮೂರು ಸಲ ಕುದಿಸಿದರು, ಮೂರು ಸಲ ಆರಿಸಿದರು. ಪ್ರತಿ ಸಲವೂ ಬಿಲ್ಲೆ ಮೇಲೇಳುವಾಗ ಮುದುಕರು "ಏಳು, ಏಳು!" ಎಂದು ಕುದುರೆಯನ್ನು ಹುರಿದುಂಬಿಸುವಂತೆ ಕೂಗಿದರು. ಒಳಕೋಣೆಯಿಂದ ಓಡಿಬಂದ ಕುಬಾತ್‌ಗೆ, ಮನೆಯವರಿಬ್ಬರೂ ಖಾಲಿ ನೀರು ಕುದಿಸಿ ಯಾಕೆ ಕುಣಿಯುತ್ತಿದ್ದಾರೆಂದು ತಿಳಿಯಲೇ ಇಲ್ಲ.

ಭಾನುವಾರ ಎಂಟು ಗಂಟೆಗೆ ಮಾವ ಸೊಸೆ ಇಬ್ಬರೂ ಬಾನೆಟ್ಟಿನ ಕೆಳಗಿದ್ದರು.

"ಕೊಟ್ಟುಬಿಡೋ ಕಾರಿಗೆ ಹೊಸ ಸಾಮಾನು ಯಾಕೆ?" ಎಂದ ಕುಬಾತ್.

"ಮುಳುಗೋ ಹೊತ್ತಲ್ಲಾದ್ರೂ ಸೂರ್ಯ ಕಾಣ್ಲಿ, ಹೋಗೋ ದಿನವಾದ್ರೂ ಕಾರು ಬೆಚ್ಚಗಾಗ್ಲಿ. ಹತ್ತನೇ ನಂಬರ್ ಸ್ಪ್ಯಾನರ್ ಕೊಡು," ಎಂದರು ಶೈಷೆನ್.

ಬೋಲ್ಟು ಬಿಗಿದು, ನೀರು ತುಂಬಿ, ಮೂವರೂ ಕಾರಿನಲ್ಲಿ ಕುಳಿತು ನದಿಯ ಸೇತುವೆಯ ಕಡೆಗೆ ಹೊರಟರು. ಜಾಂಗಿಲ್ ಹಿಂದಿನ ಸೀಟಿನಿಂದ ಕತ್ತು ಚಾಚಿ ಮುಳ್ಳನ್ನೇ ನೋಡುತ್ತಿದ್ದಳು. ಮುಳ್ಳು ಎದ್ದಿತು. ಕಾಲು ಭಾಗ ದಾಟಿತು. ನಡುವಿಗೆ ಬಂದು ಮೊಳೆ ಹೊಡೆದಂತೆ ನಿಂತಿತು. ಇಳಿಜಾರಿನಲ್ಲೂ ಕದಲಲಿಲ್ಲ! ಕಿಂಡಿಯಿಂದ ನುಗ್ಗಿದ ಗಾಳಿಗೆ ಕುಬಾತ್ ಕೈ ಹಿಂದಕ್ಕೆಳೆದುಕೊಂಡ.

"ಸುಡುತ್ತೆ, ಅಪ್ಪಾ!"

"ಸುಡಲಿ, ಸುಡಲಿ!"

ಅಷ್ಟು ಹೊತ್ತೂ ಜಾಂಗಿಲ್ ನಗುತ್ತಲೇ ಇದ್ದಳು. ಮನೆಯ ಗೇಟಿನ ಮುಂದೆ ತುರ್ಗನ್‌ನ ಹಳೆಯ ಹಸಿರು ಕಾರು ಕಂಡಾಗ ಮಾತ್ರ ನಗು ನಿಂತಿತು. ಕೊಟ್ಟ ಮಾತು ಹಾಗೆಯೇ ಇತ್ತು. ಅವಳು ಮಾಡಿದ್ದಿಷ್ಟೇ: ಕೆಟ್ಟ ಕಾರನ್ನು ಒಳ್ಳೆಯ ಕಾರು ಮಾಡಿ, ಕೆಟ್ಟ ಕಾರಿನ ಬೆಲೆಗೆ ಕೊಂಡವನ ಕೈಗೆ ಒಪ್ಪಿಸುವುದಕ್ಕೆ ಸಿದ್ಧಮಾಡಿದ್ದು.

ಕುರಿ ವ್ಯಾಪಾರಿ ತುರ್ಗನ್ ಮೊಣಕಾಲಿಗೆ ಸುತ್ತಿಕೊಂಡಿದ್ದ ಕಂಬಳಿ ಕೊಡವಿ ಇಳಿದ. ಕೈಕುಲುಕಿ, ಕುರಿ ದನಗಳ ಕ್ಷೇಮ ವಿಚಾರಿಸಿ, ಮುಂದಿನ ಸೀಟಿನಲ್ಲಿ ಕುಳಿತವನೇ ಕಣ್ಣರಳಿಸಿದ.

"ಏನ್ ಆತಾ ಇದು! ಬಿಸಿಯಾಗಲ್ಲ ಅಂದಿದ್ರಿ! ಹಬೆಸ್ನಾನದ ಹಮ್ಮಾಮಿನಲ್ಲಿ ಕೂತ ಹಾಗಿದೆ!"

ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ರಿಪೇರಿ ಮಾಡಿಸಿದೆವು ಎಂದು ಬೆಲೆ ಏರಿಸಿದ್ದರೂ ಸಂತೆಯಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನಿಗೆ ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತಿದ್ದ ಶೈಷೆನ್ ತುಪ್ಪಳದ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ತುರ್ಗನ್, ಮಾತು ಕೊಟ್ಟಿದೀನಿ, ಅದೇ ಬೆಲೆಗೆ ತಗೊ. ಆದ್ರೆ ನಿಜ ತಿಳ್ಕೊಂಡು ತಗೊ. ಕಾರು ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಬುದ್ಧಿ. ಜೂನಲ್ಲಿ ಥರ್ಮೋಸ್ಟಾಟ್ ತೆಗೆದವನು ನಾನು. ಮತ್ತೆ ಹಾಕ್ಲಿಲ್ಲ. ಹೇಳೋ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಸೊಸೆ ಕಂಡುಹಿಡಿದಳು. ಇಪ್ಪತ್ತೆರಡು ಸಾವಿರ ಹಾಳಾದ ಮೇಲೆ ಆರುನೂರೈವತ್ತಕ್ಕೆ ಸರಿಹೋಯ್ತು."

ಬೆಟ್ಟ ಅಗೆದು ಇಲಿ ಹಿಡಿದ ಕತೆ ಕೇಳಿ ತುರ್ಗನ್ ನಗುತ್ತಾನೆಂದು ಜಾಂಗಿಲ್ ಅಂದುಕೊಂಡಳು. ಅವನು ನಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು.

"ತೆಗೆದರೆ ಹೀಟರ್ ಬರಲ್ವಾ?"

"ಬರಲ್ಲ, ಬಾಯ್ಕೆ," ಎಂದು ಹಿರಿಯರನ್ನು ಕರೆಯುವ ಗೌರವದಲ್ಲೇ ಹೇಳಿದಳು ಜಾಂಗಿಲ್.

"ಪೆಟ್ರೋಲೂ ಜಾಸ್ತಿ ಕುಡಿಯುತ್ತಾ?"

"ಒಂದೂವರೆ ಪಟ್ಟು."

ತುರ್ಗನ್ ಕಿಟಕಿಯಿಂದ ತನ್ನ ಹಸಿರು ಕಾರನ್ನು ನೋಡಿದ. ಆಮೇಲೆ ಅದರ ಸೀಟಿನಲ್ಲಿ ಬಿದ್ದಿದ್ದ ತನ್ನ ಕಂಬಳಿಯನ್ನು ನೋಡಿದ.

"ನಾನು ಮೇ ತಿಂಗಳಲ್ಲೇ ತೆಗೆದೆ," ಎಂದ ಸಣ್ಣ ದನಿಯಲ್ಲಿ. "ಅದು ಮನೆಯಲ್ಲಿ ಮೊಳೆ ಡಬ್ಬಿಯಲ್ಲಿ ತುಕ್ಕು ಹಿಡೀತಿದೆ."

ಕುಬಾತ್ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕಿಸಕ್ಕೆಂದ. ಹಾರನ್ನು ಕಿರುಚಿತು. ಮುದುಕರು ನಕ್ಕ ನಗೆಗೆ ಅಂಗಳದ ನಾಯಿ ಬೊಗಳಿತು.

"ಹಾಗಾದ್ರೆ ನಾನು ಇನ್ನೊಂದು ಕಾರು ಯಾಕಪ್ಪಾ ಕೊಂಡುಕೊಳ್ಳಲಿ?" ಎಂದ ತುರ್ಗನ್, ತನ್ನನ್ನೇ ಬೈದುಕೊಳ್ಳುವವನಂತೆ. "ಆ ದುಡ್ಡಿಗೆ ಮೂರು ಕುದುರೆಮರಿ ಬರುತ್ತೆ ನಂಗೆ! ಆತಾ, ತಪ್ಪು ತಿಳೀಬೇಡಿ. ನೀವು ಕೊಟ್ಟ ಮಾತು ಹಿಂದಕ್ಕೆ ಕೊಡ್ತೀನಿ. ನಿಮ್ಮ ಕಾರು ನಿಮಗೇ ಇರಲಿ."

"ತಪ್ಪು ತಿಳೀತೀನಿ," ಎಂದರು ಶೈಷೆನ್ ಮುಖ ಬಿಗಿದು. ಬಿಗಿ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಊಟ ಮಾಡದೆ ಹೋದ್ರೆ ತಿಳೀತೀನಿ. ಅದಕ್ಕೆ ಮುಂಚೆ ನಿನಗೂ ಒಂದು ಸಾಮಾನು ತರೋಣ, ಅಂಗಡಿಯವನು ಮಧ್ಯಾಹ್ನಕ್ಕೆ ಮುಚ್ತಾನೆ. ಕುಬಾತ್, ಇಳಿ. ಹಿಂದೆ ಹೋಗು. ಸೊಸೆ ಓಡಿಸಲಿ."

"ನೀವು ಕೂತಿರುವಾಗ ನಾನಾ, ಆತಾ?"

"ನಾಳೆ ಶಾಲೆಗೆ ಯಾರು ಓಡಿಸ್ತಾರೆ, ನಾನಾ? ಬಾ ಬಾ."

ಜಾಂಗಿಲ್ ಸೀಟನ್ನು ಮುಂದಕ್ಕೆಳೆದುಕೊಂಡಳು. ಸಂತೆಯ ರಸ್ತೆಯಲ್ಲಿ ಕುರಿ ತುಂಬಿದ ಲಾರಿಗಳ ನಡುವೆ ಅವಳು ಕಾರನ್ನು ನುಗ್ಗಿಸಿದಾಗ ಮುಳ್ಳು ನಡುವಿನಲ್ಲೇ ಇತ್ತು. ತುರ್ಗನ್ ಮೊದಲು ಟೋಪಿ ತೆಗೆದ, ಆಮೇಲೆ ಕೋಟಿನ ಗುಂಡಿ ಬಿಚ್ಚಿದ, ಕೊನೆಗೆ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಹಿಡಿಗೆ ಕೈ ಹಾಕಿದ.

"ಏಯ್, ಮುಚ್ಚು!" ಎಂದು ಶೈಷೆನ್ ಹಿಂದಿನಿಂದ ಗದರಿದರು. "ಎಷ್ಟು ದುಡ್ಡು ಕೊಟ್ಟಿದೀವಿ ಗೊತ್ತಾ ಆ ಬಿಸಿಗೆ!"