ನೂರರಲ್ಲಿ ತೊಂಬತ್ತೆರಡು

ಕೆರೆಯ ಮೀನೆಣಿಸುವುದೆಂದರೆ ಹೆಸರು ಕೂಗಿ ಹಾಜರಿ ಹಾಕುವುದಲ್ಲ. ಹೋದ ವಾರ ಸೊಸೆ ನೂರು ಮೀನು ಹಿಡಿಸಿ, ಒಂದೊಂದರ ಈಜುರೆಕ್ಕೆಯ ತುದಿಯನ್ನು ಚೂರೇ ಚೂರು ಕತ್ತರಿಸಿ, ಮತ್ತೆ ನೀರಿಗೆ ಬಿಟ್ಟಿದ್ದಳು. ಇವತ್ತು ಇನ್ನೊಂದು ನೂರು ಹಿಡಿಯಬೇಕು. ಅದರಲ್ಲಿ ಗುರುತಿನವು ನಾಲ್ಕೈದೇ ಇದ್ದರೆ ಕೆರೆ ತುಂಬ ಮೀನಿದೆ ಎಂದರ್ಥ. ಗುರುತಿನವೇ ತುಂಬಿಕೊಂಡಿದ್ದರೆ, ಬೇರೆ ಮೀನೇ ಇಲ್ಲ ಎಂದರ್ಥ.

ಗುರುತಿನವು ತೊಂಬತ್ತೆರಡು ಸಿಕ್ಕವು.

ಸೊಸೆ ಮತ್ತೆ ಮತ್ತೆ ಗುಣಿಸಿ ಭಾಗಿಸಿ ನೋಡಿದಳು. ಲೆಕ್ಕದ ಪ್ರಕಾರ ಅಷ್ಟು ದೊಡ್ಡ ಕೆರೆಯಲ್ಲಿ ಇರುವುದು ನೂರೊಂಬತ್ತು ಮೀನು! ಸಾವಿರಕ್ಕಿಂತ ಕಡಿಮೆಯಾದರೆ ಎರಡು ವರ್ಷ ಯಾರೂ ಬಲೆ ಬೀಸುವಂತಿಲ್ಲ. ಇಪ್ಪತ್ತು ಮನೆಯ ದೋಣಿಗಳು ದಡ ಹತ್ತಬೇಕು, ಅದರಲ್ಲೊಂದು ಅವಳ ಗಂಡನದು. ಮೀನುಗಾರಿಕೆ ಇಲಾಖೆಯ ನೌಕರಳಾಗಿ ಸಂಜೆಯೊಳಗೆ ವರದಿಗೆ ಸಹಿ ಹಾಕಬೇಕಾದವಳೂ ಅವಳೇ. ಮನೆಯ ಅನ್ನಕ್ಕೆ ತಾನೇ ಕಲ್ಲು ಹಾಕಿದಂತಾಗುತ್ತದಲ್ಲ ಎಂದು ಅವಳಿಗೆ ಅಳುವೇ ಬಂತು.

ನೀರನ್ನು ಮೂರು ಸಲ ಪರೀಕ್ಷಿಸಿದಳು. ಆಮ್ಲಜನಕ ಬೇಕಾದಷ್ಟಿದೆ, ಅಮೋನಿಯಾ ಹೆಸರಿಗೂ ಇಲ್ಲ. ಇಂಥ ನೀರಿನಲ್ಲಿ ಮೀನು ಸಾಯುವುದಾದರೆ ಬೇಜಾರಾಗಿಯೇ ಸಾಯಬೇಕು.

ಅಷ್ಟರಲ್ಲಿ ಅತ್ತೆ ತೌಡಿನ ಬಕೆಟ್ ಹಿಡಿದು ಮನೆ ಹಿಂದಿನ ಕೆರೆಯ ಮೆಟ್ಟಿಲಿಳಿದು ಬಂದರು. ತಗಡಿನ ತಟ್ಟೆಯನ್ನು ಢಣಢಣ ಬಡಿದರು.

"ಬನ್ರೋ, ಬನ್ರೋ! ಏ ದಡಿಯಾ, ತಳ್ಳಬೇಡ ಅವನನ್ನ!"

ನೀರು ಕುದಿಯುವಂತೆ ಮೀನು ಮುಗಿಬಿದ್ದವು. ಸೊಸೆ ಬಗ್ಗಿ ನೋಡಿದಳು. ಎಲ್ಲದರ ರೆಕ್ಕೆಯೂ ಮೋಟು!

"ಅತ್ತೆ, ದಿನಾ ಇಲ್ಲೇ ಹಾಕ್ತೀರಾ?"

"ಹನ್ನೊಂದು ವರ್ಷದಿಂದ. ಯಾಕೆ, ಅದಕ್ಕೂ ನಿನ್ನ ಅಪ್ಪಣೆ ಬೇಕೇನೇ?"

ಸೊಸೆ ಹಣೆ ಚಚ್ಚಿಕೊಂಡಳು. ಎರಡು ಸಲವೂ ಬಲೆ ಬಿದ್ದದ್ದು ಈ ಮೆಟ್ಟಿಲ ಬಳಿಯೇ, ನಡೆಯಲು ಹತ್ತಿರವೆಂದು! ಅವಳು ಎಣಿಸಿದ್ದು ಕೆರೆಯನ್ನಲ್ಲ, ಅತ್ತೆಯ ಪಂಕ್ತಿಯನ್ನು.

"ರೀ, ದೋಣಿ ತನ್ನಿ!" ಎಂದು ಕಿರುಚಿದಳು. ಗಂಡ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಬೇಡವೆಂದರೂ ಕೇಳದೆ ಅತ್ತೆಯೂ ಹತ್ತಿ ಕೂತರು.

ಕೆರೆಯ ಸುತ್ತ ಹತ್ತು ಕಡೆ ಬಲೆ ಬೀಸಿದರು. ಮೊದಲ ಬಲೆ ಎಳೆಯುವಾಗಲೇ ದೋಣಿ ಒಂದು ಕಡೆಗೆ ವಾಲಿತು. ಮೀನೊಂದು ಹಾರಿ ಗಂಡನ ಅಂಗಿಯೊಳಗೇ ಇಳಿಯಿತು. ಅವನು ಕುಣಿದ ಕುಣಿತಕ್ಕೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಎಣಿಸಿದರು, ಲೆಕ್ಕ ತಪ್ಪಿತು, ಮತ್ತೆ ಎಣಿಸಿದರು. ಕೊನೆಗೆ ಇನ್ನೂರು ಮೀನು, ಗುರುತಿನವು ಐದು.

"ನಾಲ್ಕು ಸಾವಿರ!" ಸೊಸೆ ದೋಣಿಯಲ್ಲೇ ಎದ್ದು ನಿಂತು ಕೂಗಿದಳು. "ಕಡಿಮೆ ಅಂದ್ರೂ ನಾಲ್ಕು ಸಾವಿರ ಅತ್ತೆ! ಬಲೆ ನಿಲ್ಲಲ್ಲ!" ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂದವು. ಗಂಡ ಹುಟ್ಟನ್ನು ನೀರಿಗೆ ಬಿಟ್ಟು ಚಪ್ಪಾಳೆ ತಟ್ಟಿದ.

ಅತ್ತೆ ಮಾತ್ರ ಮುಖ ಊದಿಸಿಕೊಂಡು ನೀರನ್ನೇ ನೋಡುತ್ತಿದ್ದರು.

"ನಾಲ್ಕು ಸಾವಿರ ಜನ ಇದ್ದಾರೆ, ಹನ್ನೊಂದು ವರ್ಷದಲ್ಲಿ ಒಬ್ಬನಾದ್ರೂ ಮನೆ ಕಡೆ ತಲೆ ಹಾಕಿದ್ನೇನೇ?"